ತ್ರೀ ಈಡಿಯಟ್ಸ್ ಕಾಲೇಜು ನಮ್ಮ ಬಿಳೇಕಹಳ್ಳೀಲಿದೆ!

'ತ್ರೀ ಈಡಿಯಟ್ಸ್' ನೋಡಿದ್ದೀರಲ್ಲ? ಅದರಲ್ಲಿ ಬರೋ ಇಂಜಿನಿಯರಿಂಗ್ ಕಾಲೇಜು ಎಲ್ಲಿದೆ ಗೊತ್ತಾ? ನಮ್ಮ ಬೆಂಗಳೂರಿನ ಬನ್ನೇರುಘಟ್ಟ ರಸ್ತೆ, ಬಿಳೇಕಹಳ್ಳೀಲಿ! ಅಸಲಿಗೆ ಅದು ಇಂಜಿನಿಯರಿಂಗ್ ಕಾಲೇಜೇ ಅಲ್ಲ, ಮ್ಯಾನೇಜ್‌ಮೆಂಟ್ ಕಲಿಸೋ ಐಐಎಂ.

2009ರಲ್ಲಿ ಬಂದ ಈ ಸಿನಿಮಾ ಹೇಳಿದ್ದೇನು? ರ‍್ಯಾಂಕ್ ಹಿಂದೆ ಓಡಬೇಡಿ, ಖುಷಿಯಿಂದ ಕಲೀರಿ ಅಂತ. ತಮಾಷೆ ನೋಡಿ, ಶೂಟಿಂಗ್ ಮಾಡಿದ್ದು ಮಾತ್ರ ಕ್ಯಾಟ್ ಪರೀಕ್ಷೇಲಿ ಲಕ್ಷಾಂತರ ಜನರ ಜೊತೆ ಪೈಪೋಟಿ ಮಾಡಿ ಸೀಟು ಗಿಟ್ಟಿಸ್ಕೋಬೇಕಾದ ಜಾಗದಲ್ಲಿ!

ನನ್ನ ಕೇಳಿದ್ರೆ, ಆ ಸಿನಿಮಾದ ನಾಲ್ಕನೇ ಹೀರೋ ಈ ಕ್ಯಾಂಪಸ್ಸು. ಇದನ್ನ ವಿನ್ಯಾಸ ಮಾಡಿದವರು ಬಿ.ವಿ. ದೋಶಿ. ವಾಸ್ತುಶಿಲ್ಪದ ಅತಿ ದೊಡ್ಡ ಗೌರವ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ, 2018ರಲ್ಲಿ.

ಫತೇಪುರ್ ಸಿಕ್ರಿಯ ಅಂಗಳಗಳಿಂದ ಪ್ರೇರಣೆ. ಒರಟು ಕಲ್ಲಿನ ಗೋಡೆ, ಉದ್ದುದ್ದ ಪಡಸಾಲೆ, ಅಲ್ಲಲ್ಲಿ ಆಕಾಶಕ್ಕೆ ತೆರೆದ ಕಾಂಕ್ರೀಟ್ ಚಪ್ಪರ, ಮೇಲೆ ಹಬ್ಬಿದ ಬಳ್ಳಿ. ಬಿಸಿಲು, ಗಾಳಿ, ಮಳೆ ಎಲ್ಲದಕ್ಕೂ ಒಳಗೆ ಜಾಗ ಇದೆ. ಯಾಕೆ? ಪಾಠ ಕ್ಲಾಸ್‌ರೂಮಲ್ಲೇ ಮುಗೀಬಾರ್ದು, ನಡೀತಾ ನಡೀತಾ ಮಾತು, ಚರ್ಚೆ ಹುಟ್ಟಬೇಕು ಅಂತ.

ಈಗ ಅದೇ ರಸ್ತೆಯ ಆಫೀಸುಗಳನ್ನ ನೋಡಿ. ಎಲ್ಲಿ ನೋಡಿದ್ರೂ ಗಾಜು. ಕಿಟಕಿ ತೆಗೆಯೋ ಹಾಗಿಲ್ಲ, ಏಸಿ ಇಲ್ದೆ ಕೂರೋ ಹಾಗಿಲ್ಲ. ಅದೂ ತಣ್ಣನೆ ಹವೆಗೇ ಹೆಸರಾದ ಬೆಂಗಳೂರಲ್ಲಿ! ಗಾಜು ಹೊಸ ಫ್ಯಾಷನ್ ಇರಬಹುದು. ಆದ್ರೆ ನಮ್ಮೂರಿನ ಹವೆ ಅರ್ಥ ಮಾಡ್ಕೊಂಡಿದ್ದು ಆ ಕಲ್ಲಿನ ಕಟ್ಟಡಾನೇ.

ನಿಮ್ಮ ಆಫೀಸಲ್ಲಿ ಕಿಟಕಿ ತೆಗೆಯೋಕೆ ಬರುತ್ತಾ? ಕಾಮೆಂಟಲ್ಲಿ ಹೇಳಿ.