ತವರಿನ ಹೆಸರು, ನಕಲಿ ಸರಕು

ಹೊರನಾಡಿನ ಕನ್ನಡಿಗರ ಮನೆಯಲ್ಲಿ ಕೆಲವು ಸಾಮಾನುಗಳಿಗೆ ಬೆಲೆಗಿಂತ ಹೆಚ್ಚಿನ ಬೆಲೆಯಿದೆ. ಮೈಸೂರು ಸ್ಯಾಂಡಲ್ ಸೋಪು, ನಂದಿನಿ ತುಪ್ಪ, ಮೈಸೂರು ರೇಷ್ಮೆ ಸೀರೆ. ಹಿಂದೆ ಊರಿಗೆ ಹೋದವರು ಚೀಲ ತುಂಬಿಕೊಂಡು ಬರಬೇಕಿತ್ತು. ಈಗ ಬಡಾವಣೆಯ ಅಂಗಡಿಯಲ್ಲೂ ಸಿಗುತ್ತವೆ, ಮೊಬೈಲಿನಲ್ಲೂ ಸಿಗುತ್ತವೆ. ಹೆಸರು ಕಂಡರೆ ಸಾಕು, ನಾವು ಮರುಮಾತಿಲ್ಲದೆ ಕೊಳ್ಳುತ್ತೇವೆ. ನಕಲಿ ಮಾಡುವವರಿಗೆ ಈ ನಂಬಿಕೆಯೇ ಬಂಡವಾಳ.

2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪಿನ ಜಾಲವೊಂದು ಸಿಕ್ಕಿಬಿತ್ತು. ವಶಪಡಿಸಿಕೊಂಡ ಸರಕಿನ ಮೌಲ್ಯ ಸುಮಾರು 2 ಕೋಟಿ ರೂಪಾಯಿ ಎಂದು ಹೇಳಲಾಯಿತು. ಇಬ್ಬರ ಬಂಧನವಾಯಿತು. 2025ರ ನವೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ನಂದಿನಿ ಹೆಸರಿನ ಕಲಬೆರಕೆ ತುಪ್ಪ ಹಿಡಿದರು. ಅದು ತಯಾರಾಗುತ್ತಿದ್ದದ್ದು ತಮಿಳುನಾಡಿನಲ್ಲಿ. ನಂದಿನಿಯ ತವರಿನಲ್ಲೇ ಹೀಗಾದರೆ, ದೂರದಲ್ಲಿರುವ ನಾವು ಇನ್ನಷ್ಟು ಎಚ್ಚರವಾಗಿರಬೇಕು.

ನಕಲಿ ಮಾಲಿನಿಂದ ಆಗುವ ನಷ್ಟ ಹಣದ್ದಷ್ಟೇ ಅಲ್ಲ. ಸೋಪಿಗೆ ಏನು ಬೆರೆಸಿದ್ದಾರೋ ಮಾಡಿದವನಿಗಷ್ಟೇ ಗೊತ್ತು. ತುರಿಕೆ, ಗುಳ್ಳೆ ಏಳುವುದು ನಮ್ಮ ಮೈಮೇಲೆ. ಕಳಪೆ ಚಾರ್ಜರ್ ಬೆಂಕಿಗೆ ಕಾರಣವಾಗಬಹುದು. ನಕಲಿ ಐಎಸ್ಐ ಗುರುತಿನ ಹೆಲ್ಮೆಟ್ ನೆಲಕ್ಕೆ ಬಿದ್ದ ಕ್ಷಣದಲ್ಲಿ ಕೈಕೊಡುತ್ತದೆ. ಪೊಟ್ಟಣದ ಮೇಲಿನ ವಿಳಾಸ, ಬ್ಯಾಚ್ ಸಂಖ್ಯೆ ಎರಡೂ ಸುಳ್ಳಾದ್ದರಿಂದ ತೊಂದರೆಯಾದಾಗ ಕೇಳಲು ಯಾರೂ ಇರುವುದಿಲ್ಲ. ಇನ್ನೊಂದು ನಷ್ಟವೂ ಇದೆ: ನಂದಿನಿಯ ಹಿಂದೆ ಹಾಲು ಹಾಕುವ ರೈತರಿದ್ದಾರೆ, ಸ್ಯಾಂಡಲ್ ಸೋಪಿನ ಹಿಂದೆ ಕರ್ನಾಟಕ ಸರ್ಕಾರದ್ದೇ ಕಾರ್ಖಾನೆಯಿದೆ. ಕೆಟ್ಟ ಹೆಸರು ಬರುವುದು ಅವರಿಗೆ.

ಹಾಗಾದರೆ ಗುರುತಿಸುವುದು ಹೇಗೆ? ಮುದ್ರಣ ಈಗ ಎಷ್ಟು ಚೆನ್ನಾಗಿದೆಯೆಂದರೆ ಕಣ್ಣಳತೆಯನ್ನೊಂದೇ ನಂಬುವಂತಿಲ್ಲ. ಸಂಖ್ಯೆಗಳನ್ನು ನೋಡಬೇಕು. ಐಎಸ್ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಮೊಬೈಲ್ ಚಾರ್ಜರಿನ ಮೇಲೆ 'ಆರ್' ಎಂದು ಶುರುವಾಗುವ ನೋಂದಣಿ ಸಂಖ್ಯೆ, ಹಾಲ್‌ಮಾರ್ಕ್ ಚಿನ್ನದ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಬೇಕು. ಈ ಮೂರನ್ನೂ 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿ ಪರೀಕ್ಷಿಸಬಹುದು. ತುಪ್ಪದಂಥ ಆಹಾರ ಪದಾರ್ಥಕ್ಕೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಕಡ್ಡಾಯ. ಸಂಖ್ಯೆಯನ್ನೂ ಕದ್ದು ಅಚ್ಚು ಹಾಕುವವರಿದ್ದಾರೆ. ಆದ್ದರಿಂದ ಆ್ಯಪ್ ತೋರಿಸುವ ಕಂಪನಿಯ ಹೆಸರು, ಪೊಟ್ಟಣದ ಮೇಲಿನ ಹೆಸರು ಒಂದೇ ಆಗಿದೆಯೇ ನೋಡಿ. ಆನ್‌ಲೈನಿನಲ್ಲಿ ಕೊಳ್ಳುವಾಗ ಮಾರಾಟಗಾರ ಯಾರೆಂಬುದನ್ನು ಓದಿ. ದೊಡ್ಡ ಜಾಲತಾಣದಲ್ಲಿದ್ದ ಮಾತ್ರಕ್ಕೆ ಮಾರುವವನು ದೊಡ್ಡವನಲ್ಲ. ಖಾಲಿ ತುಪ್ಪದ ಡಬ್ಬಿ, ಶಾಂಪೂ ಬಾಟಲಿಗಳನ್ನು ರದ್ದಿಯವನಿಗೆ ಕೊಡುವ ಮುನ್ನ ಲೇಬಲ್ ಹರಿದುಬಿಡಿ. ಇಲ್ಲದಿದ್ದರೆ ಅವೇ ಮತ್ತೆ ತುಂಬಿಕೊಂಡು ಅಂಗಡಿಗೆ ಬಂದಾವು.

ಮೋಸಹೋದರೆ ಸುಮ್ಮನಿರಬೇಕಿಲ್ಲ. ಬಿಲ್ಲು, ಪೊಟ್ಟಣ ಎರಡನ್ನೂ ಎಸೆಯದೆ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮಂಥವರಿಗೆ ಒಂದು ದೊಡ್ಡ ಅನುಕೂಲವಿದೆ: ವಸ್ತು ಎಲ್ಲಿಂದಲೇ ಬಂದಿರಲಿ, ನಾವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ನಕಲಿ ವಸ್ತುವಿನಿಂದ ಸಾವು ಸಂಭವಿಸಿದರೆ ತಯಾರಿಸಿದವನಿಗೂ ಮಾರಿದವನಿಗೂ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಜೈಲು ಶಿಕ್ಷೆ ವಿಧಿಸಲು ಇದೇ ಕಾಯ್ದೆಯಲ್ಲಿ ಅವಕಾಶವಿದೆ.

ಹತ್ತಿಪ್ಪತ್ತು ರೂಪಾಯಿಯ ಸೋಪಿಗೆ ಇಷ್ಟೆಲ್ಲ ಯಾಕೆ ಎನಿಸುವುದು ಸಹಜ. ಎಲ್ಲರಿಗೂ ಹಾಗೆನಿಸುವುದರಿಂದಲೇ ಆ ವ್ಯಾಪಾರ ಕೋಟಿಗಳಿಗೆ ಬೆಳೆಯುತ್ತದೆ.