ನೀರಿಗಿಳಿಯುವ ಮುನ್ನ ಹಗ್ಗ ನೋಡಿ

ಬೆಳಿಗ್ಗೆ ಒಂಬತ್ತಕ್ಕೆ ದೋಣಿ ಹತ್ತಿದರೆ ಸಂಜೆ ನಾಲ್ಕೂವರೆ, ಐದರ ಹೊತ್ತಿಗೆ ವಾಪಸು. ನಡುವೆ ನಾಲ್ಕೈದು ದ್ವೀಪ, ಮೂರು ಕಡೆ ಈಜು, ಒಂದು ಕಡೆ ಊಟ. ಥಾಯ್ಲೆಂಡಿನ ದಕ್ಷಿಣಕ್ಕಿರುವ ಕ್ರಾಬಿ ಅಥವಾ ಫುಕೆಟ್‌ಗೆ ಹೋದ ಪ್ರವಾಸಿಗರಲ್ಲಿ ಈ ಒಂದು ದಿನದ ಫಿ ಫಿ ದ್ವೀಪಯಾನ ಮಾಡದೆ ಮರಳುವವರು ವಿರಳ. ಬೀದಿಗೊಂದರಂತೆ ಟಿಕೆಟ್ ಅಂಗಡಿಗಳಿವೆ. ಪ್ರತಿ ಅಂಗಡಿಯ ಮುಂದೆಯೂ ಅದೇ ಹಸಿರು ನೀರಿನ, ಅದೇ ಬಿಳಿ ಮರಳಿನ ಬಣ್ಣದ ಚಿತ್ರ. ಶಾಲೆ ಕಾಲೇಜುಗಳ ರಜೆಯಲ್ಲಿ ಮಕ್ಕಳೊಂದಿಗೆ ಅಲ್ಲಿಗೆ ಹೋಗುವ ಕನ್ನಡ ಕುಟುಂಬಗಳೂ ಈಗ ಕಡಿಮೆಯೇನಿಲ್ಲ.

ಆದರೆ ಆ ಚಿತ್ರದಲ್ಲಿ ಕಾಣದ ಸಂಗತಿಗಳು ಕೆಲವಿವೆ. ಮಕ್ಕಳನ್ನು ನೀರಿಗೆ ಇಳಿಸುವ ತಂದೆತಾಯಿಯರು ಟಿಕೆಟ್ಟಿನ ಬೆಲೆ ಚೌಕಾಸಿ ಮಾಡುವುದಕ್ಕಿಂತ ಮೊದಲು ತಿಳಿಯಬೇಕಾದವು ಅವು.

ಫಿ ಫಿ ದ್ವೀಪಗಳಿರುವುದು ಅಂಡಮಾನ್ ಸಮುದ್ರದಲ್ಲಿ. ಹೌದು, ನಮ್ಮ ಅಂಡಮಾನ್ ದ್ವೀಪಗಳ ಪೂರ್ವಕ್ಕಿರುವ ಅದೇ ಸಮುದ್ರ. ನಮ್ಮ ಕರಾವಳಿಯನ್ನು ತೋಯಿಸುವ ನೈಋತ್ಯ ಮುಂಗಾರೇ ಅಲ್ಲಿಯೂ ಮಳೆ ತರುತ್ತದೆ. ಹಾಗಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಕಡಲು ಒರಟು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಶಾಂತ. ಮಳೆಗಾಲದಲ್ಲಿ ಟಿಕೆಟ್ ಅಗ್ಗವಾಗುವುದಕ್ಕೆ ಕಾರಣ ವ್ಯಾಪಾರಿಯ ಔದಾರ್ಯವಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. 2018ರ ಜುಲೈ 5ರಂದು ಪ್ರವಾಸಿಗರನ್ನು ಹೊತ್ತು ಫುಕೆಟ್‌ಗೆ ಮರಳುತ್ತಿದ್ದ ‘ಫೀನಿಕ್ಸ್’ ಎಂಬ ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗಿ 47 ಜನ ಚೀನೀ ಪ್ರವಾಸಿಗರು ಜೀವ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಅದು ಮುಂಗಾರಿನ ನಡುಗಾಲ.

ಇನ್ನು ದೋಣಿಯ ವಿಷಯ. ಎರಡು ಬಗೆಯವು ಸಿಗುತ್ತವೆ. ಒಂದು, ಎರಡು ಮೂರು ಎಂಜಿನ್ ಕಟ್ಟಿಕೊಂಡು ಹಾರುವ ಸ್ಪೀಡ್ ಬೋಟ್. ಇನ್ನೊಂದು, ‘ಉದ್ದ ಬಾಲದ’ ಮರದ ದೋಣಿ. ಹಳೆಯ ಕಾರು ಅಥವಾ ಲಾರಿಯ ಎಂಜಿನ್ನನ್ನು ದೋಣಿಯ ಹಿಂಬದಿಯಲ್ಲಿ ತಿರುಗುವಂತೆ ಕೂರಿಸಿ, ಅದಕ್ಕೆ ಉದ್ದನೆಯ ಕಬ್ಬಿಣದ ಸಲಾಕೆ ಜೋಡಿಸಿ, ತುದಿಯಲ್ಲಿ ಪ್ರೊಪೆಲ್ಲರ್ ಹಾಕಿರುತ್ತಾರೆ. ಆಳವಿಲ್ಲದ ಕಡೆ ಬಂದಾಗ ಆ ಸಲಾಕೆಯನ್ನೇ ಮೇಲಕ್ಕೆತ್ತಿಬಿಟ್ಟರಾಯಿತು! ದೋಣಿಯ ಮೂತಿಗೆ ಬಣ್ಣಬಣ್ಣದ ಬಟ್ಟೆ, ಹೂವಿನ ಹಾರ. ಅದು ಅಲಂಕಾರವಲ್ಲ, ದೋಣಿಯನ್ನು ಕಾಯುವ ‘ಮೇ ಯಾ ನಾಂಗ್’ ದೇವಿಗೆ ಸಲ್ಲಿಸುವ ಪೂಜೆ. ಆ ಮೂತಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವುದು ಅಂಬಿಗರಿಗೆ ಹಿಡಿಸದು. ಗಂಗೆಪೂಜೆ ಮಾಡುವ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ.

ಸ್ಪೀಡ್ ಬೋಟಿನ ಮುಂಭಾಗದಲ್ಲಿ ಕುಳಿತವರಿಗೆ ಅಲೆಯ ಏಟು ಹೆಚ್ಚು. ಬೆನ್ನುನೋವಿನವರು, ವಯಸ್ಸಾದವರು ಹಿಂದೆ ಕೂರಬೇಕು. ಗರ್ಭಿಣಿಯರನ್ನು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದೇ ಇಲ್ಲ. ಓಲಾಟಕ್ಕೆ ವಾಂತಿ ಬರುವ ಮಕ್ಕಳಿಗೆ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ಕೊಡಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟ ಮಾತ್ರೆ ಹೊರಗೇ ಬರುತ್ತದೆ. ದೂರದ ದಿಗಂತ ನೋಡುತ್ತಾ ಕುಳಿತರೆ ಎಷ್ಟೋ ವಾಸಿ. ಕೈಯಲ್ಲಿ ಮೊಬೈಲ್ ಹಿಡಿದು ತಲೆ ತಗ್ಗಿಸಿದವರಿಗೇ ಮೊದಲು ತಲೆ ತಿರುಗುವುದು. ಇದನ್ನು ಹೇಳಿದರೆ ಮಕ್ಕಳು ನಂಬುವುದಿಲ್ಲ, ಅನುಭವಿಸಿದ ಮೇಲೆ ನಂಬುತ್ತಾರೆ.

ಕಡಲೇ ಕಟ್ಟಿದ ಕೋಟೆ

ಸುಮಾರು ಒಂದು ಗಂಟೆಯ ಓಟದ ನಂತರ ನೀರಿನಿಂದ ನೇರವಾಗಿ ಎದ್ದು ನಿಂತ ಬೂದು ಬಂಡೆಗಳು ಕಾಣತೊಡಗುತ್ತವೆ. ಇವು ಸುಣ್ಣಕಲ್ಲಿನ ಬೆಟ್ಟಗಳು. ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಚಿಪ್ಪು, ಹವಳಗಳ ಅವಶೇಷ ಪದರ ಪದರವಾಗಿ ಕುಳಿತು ಗಟ್ಟಿಯಾಗಿ, ಆಮೇಲೆ ಭೂಮಿಯ ಒತ್ತಡಕ್ಕೆ ಮೇಲೆದ್ದವು. ಮಳೆನೀರಿನಲ್ಲಿರುವ ಅಲ್ಪಸ್ವಲ್ಪ ಆಮ್ಲ ಸುಣ್ಣಕಲ್ಲನ್ನು ಕರಗಿಸುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವಲ್ಲ, ಅದರ ಫಲಿತಾಂಶವನ್ನು ಇಲ್ಲಿ ಕಣ್ಣಾರೆ ನೋಡಬಹುದು. ಒಳಗೊಳಗೇ ಕರಗಿ ಗುಹೆಗಳಾಗಿವೆ. ಬೆಟ್ಟದ ನಡುವಿನ ತಗ್ಗುಗಳಿಗೆ ಕಡಲು ನುಗ್ಗಿ ಸುತ್ತಲೂ ಗೋಡೆಯಿರುವ ಕೊಳಗಳಾಗಿವೆ. ಫಿ ಫಿ ಲೇ ದ್ವೀಪದ ಪಿಲೆ ಎಂಬ ಖಾರಿ ಅಂಥದ್ದು. ಕಿರಿದಾದ ಬಾಯಿಯಿಂದ ದೋಣಿ ಒಳಹೊಕ್ಕರೆ ಮೂರು ಕಡೆಯೂ ಎತ್ತರದ ಬಂಡೆ, ನಡುವೆ ಪಚ್ಚೆಯಂಥ ನೀರು.

ಸಮೀಪದಲ್ಲೇ ‘ವೈಕಿಂಗ್ ಗುಹೆ’. ಗೋಡೆಯ ಮೇಲೆ ಯಾರೋ ಬರೆದ ಹಾಯಿಹಡಗುಗಳ ಚಿತ್ರಗಳಿಂದ ಆ ಹೆಸರು ಬಂತೇ ಹೊರತು ಯುರೋಪಿನ ವೈಕಿಂಗರು ಇಲ್ಲಿಗೆ ಬಂದವರಲ್ಲ. ಬಾನಕ್ಕಿಯ ಜಾತಿಯ ಪುಟ್ಟ ಹಕ್ಕಿಗಳು ತಮ್ಮ ಜೊಲ್ಲಿನಿಂದಲೇ ಇಲ್ಲಿ ಗೂಡು ಕಟ್ಟುತ್ತವೆ. ಬಿದಿರಿನ ಅಟ್ಟಣಿಗೆ ಏರಿ ಆ ಗೂಡುಗಳನ್ನು ಕೀಳುತ್ತಾರೆ. ಚೀನೀಯರ ಸೂಪಿಗೆ ಅದು ಬಲು ದುಬಾರಿ ಸಾಮಗ್ರಿ. ಪ್ರವಾಸಿಗರಿಗೆ ಒಳಗೆ ಪ್ರವೇಶವಿಲ್ಲ. ದೋಣಿಯಿಂದಲೇ ನೋಡಿ ಮುಂದೆ ಸಾಗಬೇಕು.

ಕೋತಿಗಳ ದಂಡೆ ಎಂಬಲ್ಲಿ ದೋಣಿಗಳು ನಿಲ್ಲುವುದುಂಟು. ಇದೊಂದನ್ನು ಬಿಟ್ಟರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮೂರ ಬೆಟ್ಟಗಳಲ್ಲಿ ಕೋತಿಗಳಿಗೇನು ಬರವೇ? ಅಲ್ಲಿ ಕಚ್ಚಿಸಿಕೊಂಡರೆ ರೇಬಿಸ್ ಚುಚ್ಚುಮದ್ದಿಗಾಗಿ ಆಸ್ಪತ್ರೆ ಹುಡುಕಿಕೊಂಡು ಹೋಗಬೇಕು, ಉಳಿದ ಪ್ರವಾಸ ಅಲ್ಲಿಗೇ ಮುಗಿಯಿತು.

ಕೊಳದಲ್ಲಿ ಗೋಡೆ ಇರುತ್ತದೆ

ನಾವು ಹೋದ ದೋಣಿಯಲ್ಲಿ ಹುಬ್ಬಳ್ಳಿಯ ಒಂದು ಕುಟುಂಬವಿತ್ತು. ಪಿಯುಸಿ ಓದುವ ಮಗ ಈಜಿನಲ್ಲಿ ಪದಕ ಗೆದ್ದವನು. ಮೊದಲ ಈಜಿನ ನಿಲ್ದಾಣ ಬಂದದ್ದೇ ತಡ, ಲೈಫ್ ಜಾಕೆಟ್ ಬಿಚ್ಚಿಟ್ಟು ಜಿಗಿಯಲು ಸಿದ್ಧನಾದ. “ಜಾಕೀಟು ತಗೀಬ್ಯಾಡೋ ತಮ್ಮಾ” ಎಂದು ತಾಯಿ ಕೂಗಿದರೂ ಕೇಳುವ ಹಾಗಿರಲಿಲ್ಲ. ದೋಣಿಯವನು ಬೈಯಲಿಲ್ಲ. ಹಿಂಬದಿಯಿಂದ ನೀರಿಗೆ ಬಿಟ್ಟಿದ್ದ, ತುದಿಗೆ ತೇಲುಬುರುಡೆ ಕಟ್ಟಿದ್ದ ಹಗ್ಗವೊಂದನ್ನು ತೋರಿಸಿದ. ಅಲೆಯೇ ಇಲ್ಲದ, ಕನ್ನಡಿಯಂಥ ನೀರು. ಆದರೂ ಆ ಹಗ್ಗ ಜೋತು ಬೀಳದೆ ಬಿಗಿದ ತಂತಿಯ ಹಾಗೆ ಚಾಚಿಕೊಂಡಿತ್ತು. “ಹಗ್ಗ ಎಲ್ಲಿಗೆ ಹೋಗುತ್ತದೋ ನೀನೂ ಅಲ್ಲಿಗೇ ಹೋಗುತ್ತೀ” ಎಂದ, ಹರಕು ಇಂಗ್ಲಿಷಿನಲ್ಲಿ. ಹುಡುಗ ಜಾಕೆಟ್ ತೊಟ್ಟೇ ಇಳಿದ. ನೀರೊಳಗಿನ ಮೀನು ನೋಡುತ್ತಾ ಐದು ನಿಮಿಷ ಕಳೆಯುವಷ್ಟರಲ್ಲಿ ದೋಣಿಯಿಂದ ಬಹುದೂರ ಸರಿದುಹೋಗಿದ್ದ. ಎದುರು ಈಜಿ ಬರುವಾಗ ಉಸಿರು ಮೇಲೆಕೆಳಗೆ. ಏಣಿ ಹಿಡಿದು ಸುಧಾರಿಸಿಕೊಂಡ ಮೇಲೆ ಅವನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: “ಪೂಲ್‌ನಾಗ ಗೋಡಿ ಇರ್ತದ್ರಿ ಅಂಕಲ್. ಇಲ್ಲಿ ಹಿಡ್ಕೊಳ್ಳಾಕ ಏನೂ ಇಲ್ಲ.”

ಆ ಸೆಳೆತಕ್ಕೆ ಕಾರಣ ಉಬ್ಬರವಿಳಿತ. ಸುಮಾರು ಆರು ಗಂಟೆ ಕಾಲ ನೀರು ಏರುತ್ತದೆ, ಮತ್ತೆ ಸುಮಾರು ಆರು ಗಂಟೆ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಎಳೆತ ಒಟ್ಟು ಸೇರುವುದರಿಂದ ಏರಿಳಿತ ಹೆಚ್ಚು. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ನಾವಿಕರಲ್ಲಿ ಇದಕ್ಕೊಂದು ಬಾಯಿಲೆಕ್ಕವಿದೆ: ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ, ಮೊದಲ ಗಂಟೆ ಒಂದು ಪಾಲು, ಎರಡನೆಯ ಗಂಟೆ ಎರಡು, ಮೂರು ಮತ್ತು ನಾಲ್ಕನೆಯ ಗಂಟೆ ಮೂರು ಮೂರು, ಆಮೇಲೆ ಎರಡು, ಒಂದು. ಅಂದರೆ ನಡುವಿನ ಎರಡು ಗಂಟೆಗಳಲ್ಲೇ ಅರ್ಧದಷ್ಟು ನೀರು ಚಲಿಸಿಬಿಡುತ್ತದೆ. ಎರಡು ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ ಸೆಳೆತ ಹೆಚ್ಚುವುದು ಆಗಲೇ. ದೋಣಿಯವರು ಇವತ್ತು ಮೊದಲು ಈ ದ್ವೀಪ, ನಾಳೆ ಮೊದಲು ಆ ದ್ವೀಪ ಎಂದು ಕ್ರಮ ಬದಲಿಸುವುದರ ಹಿಂದೆ ಈ ಲೆಕ್ಕವೂ ಇರುತ್ತದೆ. ಪ್ರವಾಸಿಗರು ಅದನ್ನು ಮೋಸವೆಂದು ತಿಳಿದು ಜಗಳಕ್ಕೆ ನಿಲ್ಲುತ್ತಾರೆ!

ನೀರಿಗೆ ಸಿಕ್ಕಿದ ಮೇಲೆ ಏನು ಮಾಡಬೇಕೆಂಬುದನ್ನೂ ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಬಹುದು. ಸೆಳೆತದ ಎದುರು ಈಜಿ ದಣಿಯಬಾರದು. ಅಂಗಾತ ಮಲಗಿ ತೇಲುತ್ತಾ ಕೈಯೆತ್ತಿ ಸನ್ನೆ ಮಾಡಬೇಕು. ಉಪ್ಪುನೀರು ಸಿಹಿನೀರಿಗಿಂತ ಸಾಂದ್ರವಾದ್ದರಿಂದ ತೇಲುವುದು ಕೊಳಕ್ಕಿಂತ ಸುಲಭ. ದಂಡೆಯಿಂದ ಕಡಲಿನತ್ತ ಎಳೆಯುವ ಸೆಳೆತವಾದರೆ, ದಂಡೆಗೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ, ಎಳೆತ ತಪ್ಪಿದ ಮೇಲೆ ದಂಡೆಯತ್ತ ತಿರುಗಬೇಕು.

ಈ ಮಾತು ಹೊರದೇಶಕ್ಕೆ ಹೋಗುವವರಿಗಷ್ಟೇ ಅಲ್ಲ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಮಗುಚಿ 16 ಜನ ಸತ್ತರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಬಯಲುಸೀಮೆಯ ಮಕ್ಕಳು ಮೊದಲ ಸಲ ಸಮುದ್ರ ಕಂಡಾಗಿನ ಸಂಭ್ರಮ ಎಂಥದೆಂದು ನಮಗೆಲ್ಲ ಗೊತ್ತು. ಶಾಲಾ ಪ್ರವಾಸಕ್ಕೆ ಹಣ ಕಟ್ಟಿಸಿಕೊಳ್ಳುವ ಜೊತೆಗೆ ಸಮುದ್ರದ ಕುರಿತು ಅರ್ಧ ಗಂಟೆಯ ಪಾಠವನ್ನೂ ಇಟ್ಟುಕೊಂಡರೆ ಯಾರು ಬೇಡವೆನ್ನುತ್ತಾರೆ?

ಪಾಠದಿಂದ ಜೀವ ಉಳಿದ ಉದಾಹರಣೆಯೂ ಇದೇ ಕಡಲ ದಂಡೆಯದು. ಫಿ ಫಿ ಡಾನ್ ದ್ವೀಪ ಎರಡು ಬೆಟ್ಟಗಳನ್ನು ತೆಳುವಾದ ಮರಳಪಟ್ಟಿ ಜೋಡಿಸಿದಂತಿದೆ. 2004ರ ಡಿಸೆಂಬರ್ 26ರ ಸುನಾಮಿಯ ಅಲೆಗಳು ಎರಡೂ ಬದಿಯಿಂದ ಆ ಪಟ್ಟಿಯ ಮೇಲೆ ನುಗ್ಗಿ ನೂರಾರು ಜನರನ್ನು ಬಲಿ ತೆಗೆದುಕೊಂಡವು. ಈಗ ಪ್ರವಾಸಿಗರು ದೋಣಿ ಇಳಿದು ಊಟ ಮಾಡುವ ಜಾಗ ಅದೇ. ಅಂದೇ ಫುಕೆಟ್‌ನ ಮಾಯ್ ಖಾವ್ ದಂಡೆಯಲ್ಲಿ ಇಂಗ್ಲೆಂಡಿನ ಹತ್ತು ವರ್ಷದ ಟಿಲ್ಲಿ ಸ್ಮಿತ್ ನೀರು ನೊರೆಗಟ್ಟಿ ವಿಚಿತ್ರವಾಗಿ ವರ್ತಿಸುವುದನ್ನು ಗಮನಿಸಿದಳು. ಎರಡು ವಾರದ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಸುನಾಮಿಯ ಪಾಠವಾಗಿತ್ತು. ಅವಳ ಹಟಕ್ಕೆ ಮಣಿದ ತಂದೆ ಹೋಟೆಲಿನವರಿಗೆ ತಿಳಿಸಿ, ದಂಡೆ ಖಾಲಿ ಮಾಡಿಸಿ, ಸುಮಾರು ನೂರು ಜನರ ಪ್ರಾಣ ಉಳಿಯಿತು. ಭೂಗೋಳ ಓದಿ ಏನು ಉಪಯೋಗ ಎಂದು ಕೇಳುವ ಮಕ್ಕಳಿಗೆ ಈ ಕಥೆ ಹೇಳಬಹುದು.

ಈಜಬಾರದ ಕೊಲ್ಲಿ

ಇಡೀ ದಿನದ ಯಾನದಲ್ಲಿ ಎಲ್ಲರೂ ಕಾಯುವ ತಾಣ ಮಾಯಾ ಕೊಲ್ಲಿ. ವಿಚಿತ್ರವೆಂದರೆ ಈಜಲು ಅನುಮತಿ ಇಲ್ಲದ್ದೂ ಅದೇ ಜಾಗ! ಹಾಲಿವುಡ್‌ನ ‘ದಿ ಬೀಚ್’ ಚಿತ್ರ 2000ದಲ್ಲಿ ಬಿಡುಗಡೆಯಾದ ಮೇಲೆ ಇಲ್ಲಿಗೆ ಜನ ಮುಗಿಬಿದ್ದರು. ದಿನಕ್ಕೆ ಐದು ಸಾವಿರದಷ್ಟು ಜನ, ನೂರಾರು ದೋಣಿ. ಲಂಗರಿನ ಏಟು, ಕಾಲ್ತುಳಿತ, ಎಣ್ಣೆ, ಮೈಗೆ ಬಳಿದ ಸನ್‌ಸ್ಕ್ರೀನ್ ಎಲ್ಲ ಸೇರಿ ಕೊಲ್ಲಿಯ ಹವಳ ಬಹುಪಾಲು ಸತ್ತುಹೋಯಿತು. 2018ರ ಜೂನ್‌ನಲ್ಲಿ ಥಾಯ್ ಸರ್ಕಾರ ಕೊಲ್ಲಿಯನ್ನು ಮುಚ್ಚಿತು. ನಾಲ್ಕು ತಿಂಗಳಿಗೆಂದು ಮುಚ್ಚಿದ್ದು ಮತ್ತೆ ತೆರೆದದ್ದು 2022ರ ಜನವರಿಯಲ್ಲಿ. ಅಷ್ಟರಲ್ಲಿ ವಿಜ್ಞಾನಿಗಳು ಹವಳದ ತುಂಡುಗಳನ್ನು ನೆಟ್ಟು ಬೆಳೆಸಿದ್ದರು. ರೆಕ್ಕೆಯ ತುದಿ ಕಪ್ಪಗಿರುವ ಪುಟ್ಟ ಶಾರ್ಕ್‌ಗಳು ತಾವಾಗಿಯೇ ಮರಳಿ ಬಂದಿದ್ದವು. ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ. ದ್ವೀಪದ ಹಿಂಬದಿಯಲ್ಲಿ ಇಳಿದು ಮರದ ಕಾಲುದಾರಿಯಲ್ಲಿ ನಡೆದು ಬರಬೇಕು. ಮರಳಲ್ಲಿ ನಿಂತು ಕಾಲು ತೋಯಿಸಿಕೊಳ್ಳಬಹುದು, ಅಷ್ಟೇ. ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಅದೂ ಇಲ್ಲ, ಕೊಲ್ಲಿಗೆ ವಿಶ್ರಾಂತಿ.

ದುಡ್ಡು ಕೊಟ್ಟು ಬಂದವರು ಇದಕ್ಕೆ ಗೊಣಗುವುದನ್ನು ಕೇಳಿದ್ದೇನೆ. ಆದರೆ ಅಂದು ದಂಡೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಮೌನವಾಗಿ ನಿಂತವರು ಮಕ್ಕಳೇ. ಮೊಣಕಾಲುದ್ದದ ನೀರಿನಲ್ಲಿ ಮೊಳದುದ್ದದ ಶಾರ್ಕ್ ಮರಿಯೊಂದು ಸುಳಿದಾಡುತ್ತಿದ್ದರೆ ಯಾರಿಗೆ ತಾನೇ ಈಜು ನೆನಪಾಗುತ್ತದೆ?

ಉಳಿದ ಕಡೆ ಈಜುವಾಗಲೂ ಹವಳದ ಮೇಲೆ ನಿಲ್ಲಬಾರದು. ಅದು ಕಲ್ಲಲ್ಲ, ಜೀವಿಗಳ ಕಾಲೊನಿ. ಕೆಲವು ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಕೂಡ ಬೆಳೆಯುವುದಿಲ್ಲ. ಜೊತೆಗೆ ನಮ್ಮ ಕಾಲಿಗೂ ಅಪಾಯ. ಉದ್ದನೆಯ ಕಪ್ಪು ಮುಳ್ಳಿನ ಸೀ ಅರ್ಚಿನ್‌ಗಳು ಸಂದುಗಳಲ್ಲಿ ಅಡಗಿರುತ್ತವೆ. ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಮುಂತಾದ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳನ್ನು ಥಾಯ್ಲೆಂಡಿನ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ನಿಷೇಧಿಸಲಾಗಿದೆ. ದಂಡ ಒಂದು ಲಕ್ಷ ಬಾತ್‌ವರೆಗೆ. ಅದಕ್ಕಿಂತ ತುಂಬುತೋಳಿನ ಈಜುಡುಗೆ ಒಳ್ಳೆಯದು. ಬೆನ್ನು ಸುಡುವುದೂ ತಪ್ಪುತ್ತದೆ.

ಟಿಕೆಟ್ ಕೊಳ್ಳುವಾಗ ಕೇಳಬೇಕಾದವು ಇಷ್ಟು: ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ? ದೊಡ್ಡವರದ್ದನ್ನು ಚಿಕ್ಕವರಿಗೆ ತೊಡಿಸಿದರೆ ನೀರಿನಲ್ಲಿ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ದೋಣಿಯಲ್ಲಿ ಎಷ್ಟು ಜನ? ಉದ್ಯಾನದ ಪ್ರವೇಶ ಶುಲ್ಕ ಟಿಕೆಟ್ಟಿನಲ್ಲಿ ಸೇರಿದೆಯೇ? ಗಾಳಿ ಎದ್ದು ಯಾನ ರದ್ದಾದರೆ ಹಣ ವಾಪಸು ಕೊಡುತ್ತಾರೆಯೇ? ಈ ಕೊನೆಯ ಪ್ರಶ್ನೆಗೆ ‘ಕೊಡುತ್ತೇವೆ’ ಎಂದವರ ದೋಣಿಯನ್ನೇ ಹಿಡಿಯಿರಿ. ಹಣ ಹೋಗುತ್ತದೆಂಬ ಸಂಕಟವಿದ್ದವರೇ ಕೆಟ್ಟ ಹವೆಯಲ್ಲೂ ಹೊರಟುಬಿಡುವುದು. ಸಸ್ಯಾಹಾರದ ಊಟಕ್ಕೆ ಹಿಂದಿನ ದಿನವೇ ಹೇಳಿಡಬೇಕು. ಎರಡು ಜೊತೆ ಒಣಬಟ್ಟೆ, ಒಂದು ದೊಡ್ಡ ಟವೆಲ್ ಇರಲಿ. ವಾಪಸು ಬರುವಾಗ ಬೀಸುವ ಗಾಳಿಗೆ ಒದ್ದೆ ಮೈಯ ಮಕ್ಕಳು ನಡುಗುತ್ತವೆ, ಹಾಗೆ ನಡುಗುತ್ತಲೇ ನಿದ್ದೆಹೋಗುತ್ತವೆ.