ಮಂಗಳವಾರ ಕೈಕೊಡುತ್ತಿದ್ದ ಪ್ರಿಂಟರ್

ಓಪನ್ ಆಫೀಸ್ ಎಂಬ ಕಚೇರಿ ತಂತ್ರಾಂಶ ಮಂಗಳವಾರ ಪ್ರಿಂಟ್ ಮಾಡುವುದಿಲ್ಲ, ಉಳಿದ ಆರು ದಿನವೂ ಮಾಡುತ್ತದೆ. ಉಬುಂಟು ಲಿನಕ್ಸ್‌ನ ದೋಷಪಟ್ಟಿಯಲ್ಲಿ 2009ರಲ್ಲಿ ಕಾಣಿಸಿಕೊಂಡ ಈ ದೂರು ಓದಿದರೆ ನಗು ಬರುವುದು ಸಹಜ. ವಾರ ನೋಡಿ ಮುಷ್ಕರ ಹೂಡುವ ಯಂತ್ರ ಪಂಚಾಂಗದವರಿಗೆ ಹಿಡಿಸೀತು, ಎಂಜಿನಿಯರುಗಳಿಗಲ್ಲ. ಬುಧವಾರ ಪರೀಕ್ಷಿಸಿ ನೋಡಿದವರಿಗೆ ಪುಟಗಳು ಸಲೀಸಾಗಿ ಹೊರಬರುತ್ತವೆ. ಆದರೂ ದೂರು ಅಕ್ಷರಶಃ ನಿಜವಾಗಿತ್ತು. ‘ನನ್ನ ಯಂತ್ರದಲ್ಲಿ ಹಾಗಾಗುತ್ತಿಲ್ಲ’ ಎಂಬ ಉತ್ತರದಿಂದ ದೂರು ಸುಳ್ಳೆಂದು ಸಾಬೀತಾಗುವುದಿಲ್ಲ. ಎರಡು ಯಂತ್ರಗಳ ನಡುವೆ ಯಾರ ಕಣ್ಣಿಗೂ ಬೀಳದ ವ್ಯತ್ಯಾಸವೊಂದು ಉಳಿದಿದೆ ಎಂದಷ್ಟೇ ಅದರಿಂದ ತಿಳಿಯುತ್ತದೆ.

ಆ ವ್ಯತ್ಯಾಸ ಎಲ್ಲಿ ಅಡಗಿತ್ತು ನೋಡಿ. ಲಿನಕ್ಸ್‌ನಲ್ಲಿ ‘ಫೈಲ್’ ಎಂಬ ಪುಟ್ಟ ಉಪಕರಣವಿದೆ. ಕಡತದ ಹೆಸರನ್ನು ನಂಬದೆ ಒಳಗಿನ ಅಕ್ಷರಗಳನ್ನೇ ನೋಡಿ ಇದು ಚಿತ್ರ, ಇದು ಹಾಡು, ಇದು ಪ್ರಿಂಟರ್‌ಗೆ ಕಳಿಸುವ ಪೋಸ್ಟ್‌ಸ್ಕ್ರಿಪ್ಟ್ ಎಂದು ಹೇಳುವುದು ಅದರ ಕೆಲಸ. ಇಂತಿಷ್ಟನೇ ಬೈಟಿನಲ್ಲಿ ಇಂಥ ಅಕ್ಷರಗಳಿದ್ದರೆ ಕಡತ ಇಂಥದ್ದು ಎಂಬ ನಿಯಮಗಳ ದೊಡ್ಡ ಪಟ್ಟಿಯೇ ಅದರ ಬಳಿಯಿದೆ. ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಬಗೆಯ ಹಳೆಯ ಕಡತಗಳ ಗುರುತಾಗಿ ಪಟ್ಟಿಯಲ್ಲಿ 1991ರ ಜನವರಿ 22, ಮಂಗಳವಾರ ಎಂಬ ಇಡೀ ದಿನಾಂಕವನ್ನು ಗಂಟೆ, ನಿಮಿಷ ಸಮೇತ ಬರೆಯಲಾಗಿತ್ತು. ಆದರೆ ಆ ಪಟ್ಟಿಯ ವ್ಯಾಕರಣದಲ್ಲಿ ಖಾಲಿ ಜಾಗ ಬಂತೆಂದರೆ ಗುರುತು ಅಲ್ಲಿಗೇ ಮುಗಿಯಿತು. ಮುಂದುವರಿಸಲು ಪ್ರತಿ ಖಾಲಿ ಜಾಗದ ಹಿಂದೆ ಒಂದು ಓರೆಗೆರೆ ಹಾಕಬೇಕು. ಯಾರೂ ಹಾಕಿರಲಿಲ್ಲ. ಗುರುತಾಗಿ ಉಳಿದದ್ದು ಮಂಗಳವಾರದ ಇಂಗ್ಲಿಷ್ ಹೆಸರಿನ ಮೊದಲ ಮೂರಕ್ಷರ ಮಾತ್ರ. ಓಪನ್ ಆಫೀಸ್‌ನಿಂದ ಹೊರಟ ಪೋಸ್ಟ್‌ಸ್ಕ್ರಿಪ್ಟ್ ಕಡತದ ತಲೆಯಲ್ಲಿ ಅದು ತಯಾರಾದ ವಾರ, ದಿನಾಂಕ ಇರುತ್ತಿದ್ದವು. ಮಂಗಳವಾರ ಆ ಮೂರಕ್ಷರ ನಿಯಮದಲ್ಲಿ ಹೇಳಿದ ಬೈಟಿಗೇ ಬಂದು ಕೂರುತ್ತಿತ್ತು. ಪ್ರಿಂಟರ್ ಚಾಲಕದ ಸ್ಕ್ರಿಪ್ಟ್ ‘ಇದೇನು ಕಡತ?’ ಎಂದು ಕೇಳಿದರೆ ಎರ್ಲಾಂಗ್ ಎಂಬ ಉತ್ತರ! ಕಾಗದ ಹೊರಬರುತ್ತಿರಲಿಲ್ಲ.

ಓಪನ್ ಆಫೀಸ್, ಆ ನಿಯಮಪಟ್ಟಿ, ಆ ಬಗೆಯ ಚಾಲಕ, ಮಂಗಳವಾರ: ನಾಲ್ಕೂ ಕೂಡಿದರಷ್ಟೇ ದೋಷ. ಬೇರೆ ಪ್ರಿಂಟರ್ ಇದ್ದವರು ವರ್ಷವಿಡೀ ಪ್ರಯತ್ನಿಸಿದರೂ ಅದು ಸಿಗುತ್ತಿರಲಿಲ್ಲ. ದಿನ ಬಿಟ್ಟು ದಿನ ಬರುವ ಮಲೇರಿಯಾ ಜ್ವರವನ್ನು ಬಿಡುವಿನ ದಿನ ಅಳೆದು ರೋಗಿ ಆರೋಗ್ಯವಂತ ಎಂದ ಹಾಗೆ. ಬಗ್‌ಜಿಲಾ ಎಂಬ ದೋಷದಾಖಲೆ ವ್ಯವಸ್ಥೆಯಲ್ಲಂತೂ ‘ನನ್ನಲ್ಲಿ ಸರಿಯಾಗಿದೆ’ ಎಂದು ದೂರನ್ನು ಮುಚ್ಚಲು ಅಧಿಕೃತ ಷರಾವೇ ಇತ್ತು.

ದೂರನ್ನು ಹೀಗೆ ಮುಚ್ಚಬಾರದು ಎಂಬ ಮಾತಿಗೆ ಗಟ್ಟಿಯಾದ ಆಕ್ಷೇಪವೊಂದಿದೆ. ಮುಕ್ತ ತಂತ್ರಾಂಶವನ್ನು ನೋಡಿಕೊಳ್ಳುವವರಲ್ಲಿ ಬಹಳಷ್ಟು ಮಂದಿ ಬಿಡುವಿನಲ್ಲಿ ದುಡಿಯುವ ಸ್ವಯಂಸೇವಕರು. ತಲೆಬುಡವಿಲ್ಲದ ದೂರುಗಳೂ ಬೇಕಾದಷ್ಟು ಬರುತ್ತವೆ. ಎಲ್ಲವನ್ನೂ ನಂಬಿ ಹೊರಟರೆ ಕೆಲಸ ಸಾಗದು. ಒಪ್ಪತಕ್ಕ ಮಾತೇ. ಆದರೆ ದೂರಿನಲ್ಲಿ ಕಂಡದ್ದು ಬೇರೆ, ಊಹಿಸಿದ್ದು ಬೇರೆ. ‘ಓಪನ್ ಆಫೀಸ್ ಕೆಟ್ಟಿದೆ’ ಎಂಬ ಊಹೆಯನ್ನು ಧಾರಾಳವಾಗಿ ಅಲ್ಲಗಳೆಯಬಹುದಿತ್ತು, ಕೆಟ್ಟದ್ದು ಅದಲ್ಲವೇ ಅಲ್ಲ. ಮಂಗಳವಾರ ಪುಟ ಬರಲಿಲ್ಲ ಎಂಬುದನ್ನು ಅಲ್ಲಗಳೆಯಲು ಮಾತ್ರ ಅದೇ ಪ್ರಿಂಟರ್, ಅದೇ ಚಾಲಕ, ಅದೇ ವಾರ ಬೇಕು. ಅಷ್ಟು ಸಮಯವಿಲ್ಲದವರು ದೂರನ್ನು ತೆರೆದಿಟ್ಟರೆ ಸಾಕು. ವಾರದ ನಂಟನ್ನು ಗಮನಿಸಿದ್ದು ಪರಿಣತರೇನಲ್ಲ, ಬಳಕೆದಾರರೊಬ್ಬರ ಪತ್ನಿ.

ದೋಷ ಮರುಕಳಿಸಿ ಕಂಡಮೇಲೂ ಜಗಳ ಮುಗಿಯದಿರಬಹುದು. 2010ರ ಕೊನೆಗೆ ಲಿನಕ್ಸ್‌ನ ಇನ್ನೊಂದು ರೂಪವಾದ ಫೆಡೋರಾ 14ರಲ್ಲಿ ಬ್ರೌಸರ್‌ನ ಫ್ಲ್ಯಾಶ್ ಪ್ಲಗಿನ್ ಮೂಲಕ ಕೇಳುವ ಧ್ವನಿ ಒಡೆಯತೊಡಗಿತು, ಅದೂ ಕೆಲವು ಪ್ರೊಸೆಸರ್‌ಗಳಲ್ಲಿ ಮಾತ್ರ. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಸ್ವತಃ ಕೈಹಾಕಿ ಹುಡುಕಿದರು. ಮೆಮೊರಿಯ ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡುವ ‘ಮೆಮ್‌ಕಾಪಿ’ ಎಂಬ ಕಾರ್ಯವನ್ನು, ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಜಿಲಿಬ್‌ಸಿ ಎಂಬ ಸಂಕೇತಗಳ ಗ್ರಂಥಾಲಯದಲ್ಲಿ ವೇಗಕ್ಕಾಗಿ ಬದಲಿಸಿದ್ದರು. ಈಗ ಅದು ಹಿಂದಿನಿಂದ ಮುಂದಕ್ಕೆ ನಕಲಿಸುತ್ತಿತ್ತು. ಒಂದರ ಮೇಲೊಂದು ಚಾಚಿಕೊಂಡ ಜಾಗಗಳಿಗೆ ಅದನ್ನು ಬಳಸಕೂಡದೆಂದು ಸಿ ಭಾಷೆಯ ಮಾನಕದಲ್ಲೇ ಇದೆ, ಫ್ಲ್ಯಾಶ್ ಬಳಸುತ್ತಿತ್ತು. ತಪ್ಪು ಫ್ಲ್ಯಾಶ್‌ನದೇ, ನಮ್ಮದಲ್ಲ ಎಂಬ ಜಿಲಿಬ್‌ಸಿ ಕಡೆಯವರ ವಾದ ಮಾನಕದ ಪ್ರಕಾರ ಸರಿ. ಬಳಕೆದಾರರಿಗೆ ಬೇಕಾದದ್ದು ಕೇಳಿಸುವ ಧ್ವನಿ ಎಂಬ ಟೊರ್ವಾಲ್ಡ್ಸ್ ವಾದವೇ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಮುಂದೆ ಜಿಲಿಬ್‌ಸಿ 2.14ರಲ್ಲಿ ಎರಡೂ ಕಡೆಗೆ ಜಾಗ ಮಾಡಿದರು: ಹೊಸದಾಗಿ ಕಂಪೈಲ್ ಆದ ಪ್ರೋಗ್ರಾಂಗಳಿಗೆ ವೇಗದ ನಕಲು, ಹಳೆಯವಕ್ಕೆ ಚಾಚಿಕೊಂಡ ಜಾಗಗಳನ್ನೂ ಸರಿಯಾಗಿ ನಿಭಾಯಿಸುವ ನಕಲು.